ಒಂದು ಡಾಲರಿನ ಮನೆ, ಬದ್ನಾಮ್ ಮೊಹಲ್ಲಾ

ಒಂದು ಡಾಲರಿಗೆ ಒಂದು ಮನೆ ಅಂದರೆ ನಂಬ್ತೀರಾ? ಸೈಟಲ್ಲ, ಶೆಡ್ಡಲ್ಲ; ಎರಡು ಮೂರು ಅಂತಸ್ತಿನ ಇಟ್ಟಿಗೆ ಮನೆ. ಮಾರಿದ್ದು ಯಾವನೋ ಮೋಸದ ದಲ್ಲಾಳಿಯಲ್ಲ, ಒಂದು ದೊಡ್ಡ ನಗರದ ಆಡಳಿತ. ಅಮೆರಿಕದ ಪೂರ್ವ ಕರಾವಳಿಯ ಬಂದರು ನಗರ ಬಾಲ್ಟಿಮೋರ್ 1973ರಲ್ಲಿ ಈ ಮಾರಾಟ ಶುರು ಮಾಡಿತು. ಬನ್ನಿ, ಇಲ್ಲಿ ಮನೆ ಕೊಳ್ಳಿ ಅಂತ ನಗರವೇ ಕರೆದ ಆ ಬೀದಿಗಳು ಎಂಥವು? ಕಿಟಕಿಗೆ ಹಲಗೆ ಹೊಡೆದ ಖಾಲಿ ಮನೆಗಳು, ಕತ್ತಲಾದರೆ ಹೊರಗಿನವರು ಕಾಲಿಡಲು ಹೆದರುವ ಗಲ್ಲಿಗಳು. ನಮ್ಮ ಮನೆಮಾತಿನಲ್ಲಿ ಹೇಳುವುದಾದರೆ ಬದ್ನಾಮ್ ಮೊಹಲ್ಲಾಗಳು.

ಅಮೆರಿಕದ ಈ ಕಥೆ ನಮಗೇಕೆ ಅಂತ ಕೇಳಬಹುದು. ನೀವು ಇದನ್ನು ಓದುತ್ತಿರುವುದು ಮುಂಬೈಯಲ್ಲೋ ಪುಣೆಯಲ್ಲೋ ಹೈದರಾಬಾದಿನಲ್ಲೋ ಇರಬಹುದು. ಮುಂಬ್ರಾ, ಗೋವಂಡಿ, ಹಳೇ ಹೈದರಾಬಾದು ಅಂತ ವಿಳಾಸ ಹೇಳಿದ ಕೂಡಲೇ ಎದುರಿಗಿದ್ದವರ ಮುಖ ಸ್ವಲ್ಪ ಬದಲಾಗುವುದನ್ನು ನಮ್ಮಲ್ಲಿ ಬಹಳ ಮಂದಿ ನೋಡಿದ್ದೇವೆ. ಮನೆ ಸಾಲಕ್ಕೆ ಫೋನ್ ಮಾಡಿ, ಪಿನ್‌ಕೋಡ್ ಹೇಳಿದ ಮೇಲೆ ಆಚೆಯ ದನಿ ತಣ್ಣಗಾಗುವುದೂ ಗೊತ್ತು. ಇದು ಬರೀ ನಮ್ಮ ಅನುಮಾನವಲ್ಲ. 2006ರ ಸಾಚಾರ್ ಸಮಿತಿ ವರದಿಯಲ್ಲೇ ಈ ಮಾತಿದೆ: ಕೆಲವು ಬ್ಯಾಂಕುಗಳು ಕೆಲವು ಪ್ರದೇಶಗಳನ್ನು 'ನೆಗೆಟಿವ್' ವಲಯ ಅಂತ ಗುರುತು ಮಾಡಿಕೊಳ್ಳುತ್ತವೆ, ಅಲ್ಲಿನವರಿಗೆ ಸಾಲ ಸುಲಭವಾಗಿ ಸಿಗುವುದಿಲ್ಲ. ಹೀಗೆ ಗುರುತು ಮಾಡುವ ಕೆಲಸವನ್ನು ಅಮೆರಿಕ ನಮಗಿಂತ ಎಷ್ಟೋ ಮೊದಲೇ ಮಾಡಿತ್ತು, ಅದೂ ಬಣ್ಣ ಬಳಿದು. ಆಮೇಲೆ ಆ ಬಣ್ಣ ಅಳಿಸಿ ಜನರನ್ನು ವಾಪಸ್ ಕರೆಯಲು ಐವತ್ತು ವರ್ಷಗಳಿಂದ ಒದ್ದಾಡುತ್ತಿದೆ. ಆ ಒದ್ದಾಟದ ಚರಿತ್ರೆಯಲ್ಲಿ ನಮಗೆ ಬೇಕಾದ್ದು ಸಾಕಷ್ಟಿದೆ.

ಮೊದಲು ಮೊಹಲ್ಲಾ ಬದ್ನಾಮ್ ಆದದ್ದು ಹೇಗೆ ಅಂತ ನೋಡೋಣ.

1910ರಲ್ಲಿ ಬಾಲ್ಟಿಮೋರಿನ ಮೆಕಲೋ ಸ್ಟ್ರೀಟ್ ಎಂಬ ಬಿಳಿಯರ ಬೀದಿಗೆ ಜಾರ್ಜ್ ಮೆಕ್‌ಮೆಕನ್ ಎಂಬ ಕರಿಯ ವಕೀಲರು ಸಂಸಾರ ಸಮೇತ ವಾಸಕ್ಕೆ ಬಂದರು. ಅವರು ಯೇಲ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದವರು. ಇಂಥ ಮನುಷ್ಯ ಪಕ್ಕದ ಮನೆಗೆ ಬಂದರೆ ಯಾವ ಬೀದಿಗಾದರೂ ಇಜ್ಜತ್ತೇ ಅಲ್ಲವೇ? ಆದರೆ ಬೀದಿ ಸಿಡಿದೆದ್ದಿತು. ಅದೇ ವರ್ಷದ ಕೊನೆಯಲ್ಲಿ ನಗರಸಭೆ ಒಂದು ಕಾನೂನು ತಂದಿತು: ಬಿಳಿಯರು ಹೆಚ್ಚಿರುವ ಬೀದಿಗೆ ಕರಿಯರು ಹೊಸದಾಗಿ ಬರುವಂತಿಲ್ಲ, ಕರಿಯರು ಹೆಚ್ಚಿರುವ ಬೀದಿಗೆ ಬಿಳಿಯರು ಬರುವಂತಿಲ್ಲ. ಅಮೆರಿಕದಲ್ಲಿ ಇಂಥ ಕಾನೂನು ಮಾಡಿದ ಮೊದಲ ದೊಡ್ಡ ನಗರ ಅದು. 1917ರಲ್ಲಿ ಸುಪ್ರೀಂ ಕೋರ್ಟು ಲೂಯಿವಿಲ್ ನಗರದ ಅಂಥದೇ ಕಾನೂನನ್ನು ರದ್ದು ಮಾಡಿದಾಗ ಇದೂ ಬಿದ್ದುಹೋಯಿತು. ಕಾನೂನು ಹೋಯಿತು, ಅಭ್ಯಾಸ ಹೋಗಲಿಲ್ಲ. ಮನೆಯ ಕರಾರುಪತ್ರದಲ್ಲೇ 'ಇಂಥವರಿಗೆ ಮಾರಬಾರದು' ಅಂತ ಬರೆಸುವುದು ಶುರುವಾಯಿತು. ಅದನ್ನು ಕೋರ್ಟಿನ ಮೂಲಕ ಜಾರಿ ಮಾಡುವಂತಿಲ್ಲ ಅಂತ ಹೇಳಲು ಸುಪ್ರೀಂ ಕೋರ್ಟಿಗೆ 1948ರವರೆಗೆ ಬೇಕಾಯಿತು.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಸಾಲದ ಕಡೆಯಿಂದ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಜನ ಮನೆ ಕಳೆದುಕೊಳ್ಳತೊಡಗಿದಾಗ ಸರ್ಕಾರ 1933ರಲ್ಲಿ ಮನೆ ಸಾಲದ ಒಂದು ನಿಗಮ ಮಾಡಿತು. ಅದು ನೂರಾರು ನಗರಗಳ ನಕ್ಷೆ ಬರೆಸಿತು. ಬಾಲ್ಟಿಮೋರಿನದು 1937ರದು. ನಾಲ್ಕು ಬಣ್ಣ: ಹಸಿರು ಅಂದರೆ ಉತ್ತಮ, ನೀಲಿ ಪರವಾಗಿಲ್ಲ, ಹಳದಿ ಇಳಿಮುಖ, ಕೆಂಪು ಅಂದರೆ ಅಪಾಯ. ಕರಿಯರಿದ್ದ ಮೊಹಲ್ಲಾ ಬಹುತೇಕ ಕೆಂಪು. ಕೆಲವು ಕಡೆ ಯಹೂದಿಗಳೂ ಹೊಸದಾಗಿ ಬಂದ ವಲಸಿಗರೂ ಇದ್ದರೆ ಅದಕ್ಕೂ ಕಡಿಮೆ ಅಂಕ. 1934ರಲ್ಲಿ ಹುಟ್ಟಿದ ಇನ್ನೊಂದು ಸರ್ಕಾರಿ ಸಂಸ್ಥೆ ಮನೆ ಸಾಲಗಳಿಗೆ ಖಾತ್ರಿ ಕೊಡುತ್ತಿತ್ತು. ಅದರ ಕೈಪಿಡಿಯೇ ಬೇರೆ ಬೇರೆ ಜನಾಂಗದವರು ಬೆರೆತಿರುವ ಜಾಗ ಸಾಲಕ್ಕೆ ಒಳ್ಳೆಯದಲ್ಲ ಅಂತ ಬ್ಯಾಂಕುಗಳಿಗೆ ಪಾಠ ಹೇಳಿತು. ನಕ್ಷೆಯೊಂದರಿಂದಲೇ ಎಲ್ಲ ಹಾಳಾಯಿತು ಅನ್ನುವುದು ಅವಸರದ ಮಾತು, ಚರಿತ್ರೆಕಾರರಲ್ಲೇ ಅದರ ಬಗ್ಗೆ ವಾದ ಇದೆ. ಆದರೆ ನಕ್ಷೆ, ಖಾತ್ರಿ, ಬ್ಯಾಂಕು ಮೂರೂ ಒಂದೇ ದಿಕ್ಕಿಗೆ ಬೆರಳು ತೋರಿಸಿದ್ದರಲ್ಲಿ ಅನುಮಾನವಿಲ್ಲ.

ಸಾಲ ಸಿಗದ ಮೊಹಲ್ಲಾದಲ್ಲಿ ಏನಾಗುತ್ತೆ, ಯೋಚಿಸಿ. ಛಾವಣಿ ಸೋರಿದರೆ ರಿಪೇರಿಗೆ ದುಡ್ಡಿಲ್ಲ. ಮಾರೋಣ ಅಂದರೆ ಕೊಳ್ಳುವವನಿಗೂ ಸಾಲವಿಲ್ಲ, ಹಾಗಾಗಿ ಬೆಲೆ ಇಳಿಯುತ್ತೆ. ಆಗ ನಗದು ಇಟ್ಟುಕೊಂಡವನು ಬಂದು ಅಗ್ಗಕ್ಕೆ ಕೊಂಡು ಕಿರಾಯಿಗೆ ಬಿಡ್ತಾನೆ. ಅವನು ಅಲ್ಲಿ ಇರುವವನಲ್ಲ, ಹಾಗಾಗಿ ಸುಣ್ಣ ಕೂಡ ಬಳಿಸಲ್ಲ. ಕೊನೆಗೆ ಕಿರಾಯಿಯೂ ಗಿಟ್ಟದೆ ಬೀಗ ಹಾಕಿ ಹೋಗ್ತಾನೆ. ಖಾಲಿ ಮನೆಗೆ ಮೊದಲು ಬರೋದು ಕಬ್ಬಿಣ ಕೀಳುವ ಕಳ್ಳ, ಆಮೇಲೆ ಅಮಲಿನ ವ್ಯಾಪಾರ. ಅಷ್ಟು ಹೊತ್ತಿಗೆ ಪತ್ರಿಕೆಯವರು ಬಂದು ಇದು ಅಪರಾಧದ ಅಡ್ಡೆ ಅಂತ ಬರೀತಾರೆ. ಅದು ಸುಳ್ಳೂ ಅಲ್ಲ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ಯಾರೂ ಬರೆಯೋದಿಲ್ಲ.

ಇದರ ಜೊತೆಗೆ ಹೆದರಿಸಿ ಮಾರಿಸುವ ಧಂದೆಯೂ ಇತ್ತು. ದಲ್ಲಾಳಿಗಳು ಬಿಳಿಯರ ಬೀದಿಯಲ್ಲಿ ಒಂದು ಕರಿಯ ಕುಟುಂಬಕ್ಕೆ ಮನೆ ಕೊಡಿಸಿ, ಉಳಿದವರ ಬಾಗಿಲು ತಟ್ಟಿ, 'ಬೆಲೆ ಬೀಳುತ್ತೆ, ಈಗಲೇ ಮಾರಿ' ಅನ್ನುತ್ತಿದ್ದರು. ಹೆದರಿದವರಿಂದ ಅಗ್ಗಕ್ಕೆ ಕೊಂಡು, ಬೇರೆಲ್ಲೂ ಮನೆ ಸಿಗದ ಕರಿಯರಿಗೆ ದುಬಾರಿಗೆ ಮಾರುತ್ತಿದ್ದರು. ಬಾಲ್ಟಿಮೋರಿನ ಪಶ್ಚಿಮದ ಎಡ್ಮಂಡ್‌ಸನ್ ವಿಲೇಜ್ 1955ರಿಂದ 1965ರೊಳಗೆ, ಹತ್ತೇ ವರ್ಷದಲ್ಲಿ, ಬಹುತೇಕ ಬಿಳಿಯರ ಬಡಾವಣೆಯಿಂದ ಬಹುತೇಕ ಕರಿಯರ ಬಡಾವಣೆಯಾಯಿತು. ಲಾಭ ಮಾಡಿಕೊಂಡವರು ಎರಡೂ ಕಡೆಯವರಲ್ಲ, ನಡುವಿನವರು.

1950ರಲ್ಲಿ ಬಾಲ್ಟಿಮೋರಿನ ಜನಸಂಖ್ಯೆ 9,49,708. 1980ರಲ್ಲಿ 7,86,741. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದಾಗ ನಗರ ಹೊತ್ತಿ ಉರಿದಿತ್ತು. ಅದೇ ತಿಂಗಳು ಮನೆ ಮಾರಾಟ, ಬಾಡಿಗೆಯಲ್ಲಿ ಭೇದ ಮಾಡಬಾರದೆಂಬ ಕೇಂದ್ರ ಕಾನೂನೂ ಬಂತು. ಅಷ್ಟರಲ್ಲಿ ಹೋಗುವ ಶಕ್ತಿ ಇದ್ದವರು ಉಪನಗರಗಳಿಗೆ ಹೋಗಿಯಾಗಿತ್ತು, ಹೋಗ್ತಾನೂ ಇದ್ದರು. ತೆರಿಗೆ ಕಟ್ಟದೆ ಬಿಟ್ಟ ಮನೆಗಳು, ಹೆದ್ದಾರಿಗೆ ಅಂತ ವಶಪಡಿಸಿಕೊಂಡ ಮನೆಗಳು ನಗರಸಭೆಯ ತಲೆಮೇಲೆ ಬಿದ್ದವು. ಕೆಡವಬೇಕು, ಇಲ್ಲ ಯಾರಿಗಾದರೂ ಕೊಡಬೇಕು.

ಆಗ ಬಂದದ್ದೇ ಡಾಲರ್ ಮನೆ. ಉಪಾಯ ಹೊಸದಲ್ಲ. 1862ರಲ್ಲಿ ಲಿಂಕನ್ ಕಾಲದ ಕಾನೂನು ಪಶ್ಚಿಮದಲ್ಲಿ ಉಳುಮೆ ಮಾಡಿ ನೆಲೆಸುವವರಿಗೆ 160 ಎಕರೆ ಕೊಡುತ್ತಿತ್ತು. (ಅದು ಅಲ್ಲಿನ ಮೂಲ ನಿವಾಸಿಗಳ ನೆಲ ಅನ್ನುವುದನ್ನು ವಿದ್ಯಾರ್ಥಿಗಳು ಮರೆಯಬಾರದು.) ಅದೇ ಯೋಚನೆಯನ್ನು ನಗರಕ್ಕೆ ತಂದರು: ಮನೆ ತಗೊಳ್ಳಿ, ರಿಪೇರಿ ಮಾಡಿ, ಅಲ್ಲೇ ವಾಸ ಮಾಡಿ. 1973ರಲ್ಲಿ ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್ ಮೊದಲು ಶುರು ಮಾಡಿತು, ಹಿಂದೆಯೇ ಬಾಲ್ಟಿಮೋರ್. 1974ರ ವಸತಿ ಕಾನೂನಿನಿಂದ ಕೇಂದ್ರ ಸರ್ಕಾರವೂ ಕೈಜೋಡಿಸಿತು.

ಬಾಲ್ಟಿಮೋರಿನ ಮೇಯರ್ ವಿಲಿಯಂ ಡೊನಾಲ್ಡ್ ಶೇಫರ್, ವಸತಿ ಆಯುಕ್ತ ರಾಬರ್ಟ್ ಎಂಬ್ರಿ. ಅವರು ಮಾಡಿದ ಜಾಣತನ ಏನೆಂದರೆ, ಇಲ್ಲೊಂದು ಅಲ್ಲೊಂದು ಮನೆ ಕೊಡಲಿಲ್ಲ, ಸಾಲಾಗಿ ಕೊಟ್ಟರು. ಮೊದಲು ಕೆಡವಲು ಗುರುತಾಗಿದ್ದ ಸ್ಟರ್ಲಿಂಗ್ ಸ್ಟ್ರೀಟ್ ಎಂಬ ಒಂದು ಹಳೇ ಬೀದಿ. ಆಮೇಲೆ 1975ರಲ್ಲಿ ಬಂದರಿನ ಹತ್ತಿರದ ಆಟರ್‌ಬೈನ್, ಅಲ್ಲಿ ನೂರಕ್ಕೂ ಹೆಚ್ಚು ಮನೆ. ಹೆದ್ದಾರಿ ಹಾಕಲು ಜನರನ್ನು ಎಬ್ಬಿಸಿ ಖಾಲಿ ಮಾಡಿಸಿದ್ದ ಜಾಗ ಅದು. ಹೆದ್ದಾರಿಯ ವಿರುದ್ಧ ಹೋರಾಡಿದವರಲ್ಲಿ ಬಾರ್ಬರಾ ಮಿಕುಲ್ಸ್ಕಿ ಒಬ್ಬರು, ಮುಂದೆ ಸೆನೆಟರ್ ಆದವರು. ಚೀಟಿ ಎತ್ತಿ ಮನೆ ಹಂಚಿದರು. ಅಕ್ಕಪಕ್ಕ, ಎದುರು, ಎಲ್ಲರೂ ಒಟ್ಟಿಗೇ ಸುತ್ತಿಗೆ ಹಿಡಿದರು. ಬದ್ನಾಮ್ ಬೀದಿಗೆ ಒಬ್ಬನೇ ಹೋಗಿ ಕೂರುವುದು ಧೈರ್ಯ ಅಷ್ಟೇ. ನಲವತ್ತು ಮನೆಯವರು ಒಟ್ಟಿಗೆ ಹೋದರೆ ಬೀದಿಯೇ ಬದಲಾಗುತ್ತೆ: ದೀಪ ಹತ್ತುತ್ತೆ, ಕಿಟಕಿಯಿಂದ ಯಾರೋ ನೋಡ್ತಿರ್ತಾರೆ, ಮಕ್ಕಳು ಹೊರಗಿರ್ತಾರೆ.

ಇನ್ನು ಆ 'ಒಂದು ಡಾಲರ್'. ಅದು ಹೆಸರಿಗೆ. ಒಳಗೆ ಕೊಳಾಯಿ ಇಲ್ಲ, ವೈರಿಂಗ್ ಇಲ್ಲ, ಎಷ್ಟೋ ಕಡೆ ಛಾವಣಿಯೇ ಇಲ್ಲ. ವಾಸಕ್ಕೆ ತಕ್ಕಂತೆ ಮಾಡಲು ಹತ್ತಾರು ಸಾವಿರ ಡಾಲರ್ ಬೇಕು. ಗೊತ್ತಾದ ಅವಧಿಯೊಳಗೆ ರಿಪೇರಿ ಮುಗಿಸಿ ಅಲ್ಲೇ ವಾಸ ಮಾಡಿದರಷ್ಟೇ ಮನೆ ನಿಮ್ಮದು. ದುಡ್ಡು ಎಲ್ಲಿಂದ? 1964ರ ವಸತಿ ಕಾನೂನಿನ ಕೆಳಗೆ ರಿಪೇರಿಗೆ ಅಂತಲೇ ಕೇಂದ್ರ ಸರ್ಕಾರ 3 ಶೇಕಡಾ ಬಡ್ಡಿಗೆ ಕೊಡುತ್ತಿದ್ದ ಸಾಲದಿಂದ. ಅಂದರೆ ಕೊಳ್ಳುವವರನ್ನು ಎಳೆದು ತಂದದ್ದು ಡಾಲರಲ್ಲ, ಆ ಸಾಲ. ಮೂವತ್ತೈದು ವರ್ಷದ ಹಿಂದೆ ಈ ಜಾಗಕ್ಕೆ ಸಾಲ ಕೊಡಬೇಡಿ ಅಂತ ಕೆಂಪು ಬಳಿದವರೂ ಸರ್ಕಾರದವರೇ, ಈಗ ಅಗ್ಗದ ಸಾಲ ಹಿಡಿದು ಕರೆದವರೂ ಸರ್ಕಾರದವರೇ. ನಡುವೆ ಅಲ್ಲಿದ್ದವರು ಬಾಡಿಗೆ ಕಟ್ಟುತ್ತಾ ಆ ಬಣ್ಣದೊಳಗೆ ಬದುಕಿದ್ದರು. ಆ ಸಾಲಕ್ಕೆ ತೀರಿಸುವ ಸಂಬಳ ತೋರಿಸಬೇಕಿತ್ತು. ಹಾಗಾಗಿ ಆಟರ್‌ಬೈನಿಗೆ ಬಂದವರಲ್ಲಿ ಬಹಳ ಮಂದಿ ಓದಿದ, ಒಳ್ಳೆಯ ಕೆಲಸದಲ್ಲಿದ್ದ ಮಧ್ಯಮ ವರ್ಗದವರು. 1980ರಲ್ಲಿ ಪಕ್ಕದಲ್ಲೇ ಬಂದರಿನ ದಂಡೆಗೆ ಹಾರ್ಬರ್‌ಪ್ಲೇಸ್ ಎಂಬ ಅಂಗಡಿ ಮಳಿಗೆ ಬಂತು, ಮನೆಗಳ ಬೆಲೆ ಏರಿತು. ಇವತ್ತು ಆಟರ್‌ಬೈನ್ ಶ್ರೀಮಂತ ಬೀದಿ.

ಸರಿ, ಗೆದ್ದರಲ್ಲ? ಗೆದ್ದರು, ಕೆಲವು ನೂರು ಮನೆಗಳಷ್ಟು. ಊರಿನಲ್ಲಿ ಖಾಲಿ ಬಿದ್ದದ್ದು ಸಾವಿರಾರು. ಬಂದರು, ಕಚೇರಿ, ನೋಡಲು ಚಂದದ ಹಳೇ ಇಟ್ಟಿಗೆ, ಇವೆಲ್ಲ ಎಲ್ಲ ಮೊಹಲ್ಲಾಕ್ಕೂ ಇರಲ್ಲ. 1980ರ ದಶಕದಲ್ಲಿ ರೇಗನ್ ಸರ್ಕಾರ ನಗರಗಳಿಗೆ ಕೊಡುವ ಹಣ ಕತ್ತರಿಸಿತು. ಸಾಲ ನಿಂತಿತು, ಡಾಲರ್ ಮನೆಯೂ ನಿಂತಿತು.

ಇದೇ ಹೊತ್ತಿಗೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬೇರೆಯೇ ಒಂದು ಪ್ರಯತ್ನ ನಡೆಯಿತು. ನನಗೆ ಬಾಲ್ಟಿಮೋರಿಗಿಂತ ಇದೇ ಹೆಚ್ಚು ಇಷ್ಟ. ಬ್ರೌನ್ಸ್‌ವಿಲ್ ಎಂಬ ಆ ಭಾಗದಲ್ಲಿ ಮನೆಗಳು ಸುಟ್ಟು, ಕೆಡವಿ, ಬೀದಿ ಬೀದಿಯೇ ಬಯಲಾಗಿತ್ತು. ಅಪರಾಧಕ್ಕೆ ಇಡೀ ನ್ಯೂಯಾರ್ಕಿನಲ್ಲಿ ಹೆಸರಾದ ಜಾಗ. ಅಲ್ಲಿನ ಚರ್ಚುಗಳು ಕೂಡಿ ಈಸ್ಟ್ ಬ್ರೂಕ್ಲಿನ್ ಕಾಂಗ್ರಿಗೇಷನ್ಸ್ ಅಂತ ಸಂಘಟನೆ ಕಟ್ಟಿದವು. ಪಾದ್ರಿ ಜಾನಿ ರೇ ಯಂಗ್‌ಬ್ಲಡ್ ಅದರ ಮುಂದಾಳುಗಳಲ್ಲಿ ಒಬ್ಬರು. ಐ. ಡಿ. ರಾಬಿನ್ಸ್ ಎಂಬ ಅನುಭವಿ ಕಟ್ಟಡಗಾರ ಇವರ ಜೊತೆ ಸೇರಿದ. ಅವನದು ಒಂದೇ ಹಟ: ಹತ್ತಿಪ್ಪತ್ತು ಮನೆ ಕಟ್ಟಿದರೆ ಸುತ್ತಲಿನ ಹಾಳು ಅದನ್ನು ನುಂಗುತ್ತೆ, ಕಟ್ಟಿದರೆ ಸಾವಿರದ ಲೆಕ್ಕದಲ್ಲಿ ಕಟ್ಟಬೇಕು. 1982ರಲ್ಲಿ ಕೆಲಸ ಶುರುವಾಯಿತು. ಜೆರುಸಲೇಮಿನ ಗೋಡೆ ಮತ್ತೆ ಕಟ್ಟಿಸಿದ ನೆಹೆಮಾಯನ ಹೆಸರನ್ನೇ ಯೋಜನೆಗೆ ಇಟ್ಟರು. ಒಂದಕ್ಕೊಂದು ಅಂಟಿದ, ಶೋಕಿಯಿಲ್ಲದ ಸಾಲು ಮನೆಗಳು. ಜಾಗ ನಗರದ್ದು. ಕಟ್ಟಲು ಬೇಕಾದ ಮೊದಲ ಬಂಡವಾಳವನ್ನು ಚರ್ಚುಗಳೇ ಬಡ್ಡಿಯಿಲ್ಲದೆ ಒದಗಿಸಿದವು. ಕೊಳ್ಳುವ ಪ್ರತಿ ಮನೆಗೂ ನಗರ 10,000 ಡಾಲರ್ ಬಡ್ಡಿಯಿಲ್ಲದ ಸಾಲ ಕೊಟ್ಟಿತು. ಮನೆ ಮಾರಿದಾಗ ಅದನ್ನು ವಾಪಸ್ ಕೊಟ್ಟರಾಯಿತು. ನಾವು ಕರ್ಜೆ ಹಸನ ಅನ್ನುವುದರ ಹತ್ತಿರದ್ದೇ ಇದು.

ಕೊಂಡವರು ಯಾರು? ಹೊರಗಿನ ಸಾಹಸಿಗಳಲ್ಲ. ಪಕ್ಕದ ಸರ್ಕಾರಿ ವಸತಿಗಳಲ್ಲಿ ವರ್ಷಗಟ್ಟಲೆ ಬಾಡಿಗೆಗಿದ್ದ ಆಸ್ಪತ್ರೆ ನೌಕರರು, ಬಸ್ಸಿನವರು, ಗುಮಾಸ್ತರು, ಹೆಚ್ಚಿನವರು ಕರಿಯರು ಮತ್ತು ಸ್ಪ್ಯಾನಿಶ್ ಮೂಲದವರು. ಇಂಥವರಿಗೆ ಸಾಲ ಕೊಟ್ಟರೆ ಮುಳುಗುತ್ತೆ ಅನ್ನುತ್ತಿದ್ದ ಕಾಲ ಅದು, ಆದರೆ ಕಂತು ತಪ್ಪಿಸಿದವರು ತೀರಾ ಕಡಿಮೆ. 1980ರ ದಶಕ ಮುಗಿಯುವ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಮನೆ ನಿಂತಿದ್ದವು. ಈ ಜನರನ್ನು ಯಾರೂ 'ಆಕರ್ಷಿಸ'ಬೇಕಾಗಿರಲಿಲ್ಲ. ಅವರು ಅಲ್ಲೇ ಇದ್ದರು, ಕಾಯ್ತಾ ಇದ್ದರು.

ವಾಪಸ್ ಬಾಲ್ಟಿಮೋರಿಗೆ ಬರೋಣ. ಬ್ರೌನ್ಸ್‌ವಿಲ್ ನೋಡಿ ಇಲ್ಲಿಯೂ ಹುರುಪು ಬಂತು. ಸ್ಯಾಂಡ್‌ಟೌನ್-ವಿಂಚೆಸ್ಟರ್ ಎಂಬ ಪಶ್ಚಿಮದ ಮೊಹಲ್ಲಾದಲ್ಲಿ 1990ರ ದಶಕದಲ್ಲಿ ಮೇಯರ್ ಕರ್ಟ್ ಶ್ಮೋಕ್, ಹಾರ್ಬರ್‌ಪ್ಲೇಸ್ ಕಟ್ಟಿದ ಅದೇ ಜೇಮ್ಸ್ ರೌಸ್, ಚರ್ಚುಗಳ ಸಂಘಟನೆ, ಎಲ್ಲರೂ ಸೇರಿ ಕೈಹಾಕಿದರು. ಹತ್ತು ಕೋಟಿ ಡಾಲರಿಗಿಂತ ಹೆಚ್ಚು ಹಣ ಸುರಿದರು. ನೆಹೆಮಾಯ ಮಾದರಿಯಲ್ಲೇ ಇನ್ನೂರಕ್ಕೂ ಹೆಚ್ಚು ಹೊಸ ಮನೆ ಕಟ್ಟಿ ಮಾರಿದರು, ಹಳೆಯವನ್ನು ದುರಸ್ತಿ ಮಾಡಿದರು. ಕೊಳ್ಳುವವರೂ ಬಂದರು. ಆದರೆ ನೌಕರಿ? ಊರಿನ ಅನ್ನ ಅಂದರೆ ಸ್ಪ್ಯಾರೋಸ್ ಪಾಯಿಂಟ್ ಉಕ್ಕಿನ ಕಾರ್ಖಾನೆ. 1950ರ ದಶಕದ ಕೊನೆಯಲ್ಲಿ ಅಲ್ಲಿ ಮೂವತ್ತು ಸಾವಿರದಷ್ಟು ಜನ ದುಡಿಯುತ್ತಿದ್ದರು. ಅದು ವರ್ಷ ವರ್ಷ ಕರಗಿ 2012ರಲ್ಲಿ ಮುಚ್ಚಿಯೇ ಹೋಯಿತು. 1993ರಲ್ಲಿ ನಗರದಲ್ಲಿ 353 ಕೊಲೆ. 2015ರ ಏಪ್ರಿಲ್‌ನಲ್ಲಿ ಪೊಲೀಸರ ವಶದಲ್ಲಿ ಗಾಯಗೊಂಡು ತೀರಿಕೊಂಡ ಫ್ರೆಡ್ಡಿ ಗ್ರೇ ಎಂಬ 25ರ ಯುವಕ ಇದೇ ಸ್ಯಾಂಡ್‌ಟೌನಿನವನು. ಆಗ ಇಡೀ ಜಗತ್ತು ಟಿವಿಯಲ್ಲಿ ನೋಡಿದ ಮೊಹಲ್ಲಾದಲ್ಲಿ ಸುಮಾರು ಮೂರರಲ್ಲೊಂದು ಮನೆ ಮತ್ತೆ ಖಾಲಿ ಬಿದ್ದಿತ್ತು. ಹೊಸ ಮನೆ ಕೊಂಡವರಲ್ಲಿ ಎಷ್ಟೋ ಮಂದಿ ಆಗಲೂ ಅಲ್ಲೇ ಇದ್ದರು, ಬಾಗಿಲ ಮುಂದಿನ ಗಿಡಕ್ಕೆ ನೀರು ಹಾಕ್ತಾ. ಹಾಗಾಗಿ ಆ ಹಣವೆಲ್ಲ ನೀರಲ್ಲಿ ಹೋಯಿತು ಅನ್ನುವವರ ಮಾತು ನಾನು ಒಪ್ಪಲ್ಲ. ಆದರೆ ಕಂತು ಕಟ್ಟಲು ಸಂಬಳ ಬೇಕು. ಅದನ್ನು ಮನೆ ಕೊಡಲ್ಲ.

ಇಷ್ಟರಲ್ಲಿ ಇನ್ನೊಂದು ದಾರಿಯನ್ನೂ ಪ್ರಯತ್ನಿಸಿದ್ದರು. 1997ರಲ್ಲಿ ಕೇಂದ್ರದ ವಸತಿ ಇಲಾಖೆ, ಇಂಥ ಮೊಹಲ್ಲಾಗಳಲ್ಲಿ ತನ್ನ ವಶಕ್ಕೆ ಬಂದ ಮನೆಗಳನ್ನು ಪೊಲೀಸರಿಗೆ ಅರ್ಧ ಬೆಲೆಗೆ ಕೊಡತೊಡಗಿತು. ಪಕ್ಕದ ಮನೆಯಲ್ಲೇ ಪೊಲೀಸಿದ್ದರೆ ಕಳ್ಳ ಹೆದರ್ತಾನೆ ಅನ್ನುವ ಲೆಕ್ಕ. ಆಮೇಲೆ ಟೀಚರುಗಳಿಗೂ ಆ ರಿಯಾಯಿತಿ ಬಂತು. ಅರ್ಧ ಬೆಲೆಗೆ ಮನೆ ಅಂದರೆ ನನ್ನಂಥ ಬಿ.ಎಡ್. ಓದಿದವರ ಕಿವಿ ನೆಟ್ಟಗಾಗುವುದು ಸಹಜ! ಷರತ್ತು ಒಂದೇ, ಅಲ್ಲಿ ವಾಸ ಮಾಡಬೇಕು. ಕೆಲವು ಪೊಲೀಸರೇ ಮನೆ ಕೊಂಡು ಬೇರೆಯವರಿಗೆ ಬಾಡಿಗೆಗೆ ಬಿಟ್ಟು ಸಿಕ್ಕಿಬಿದ್ದರು. 2001ರಲ್ಲಿ ಯೋಜನೆಯನ್ನು ಸ್ವಲ್ಪ ಕಾಲ ನಿಲ್ಲಿಸಿ ತನಿಖೆ ಮಾಡಬೇಕಾಯಿತು. ಈಗ ಮೂರು ವರ್ಷ ವಾಸದ ನಿಯಮದೊಂದಿಗೆ ಅದು ನಡೆಯುತ್ತಿದೆ.

ಸಾಲದ ಗೆರೆಯ ವಿರುದ್ಧ ನಿಜವಾಗಿ ಹೋರಾಡಿದ್ದು ಮಾತ್ರ ಮೊಹಲ್ಲಾದವರೇ. ಷಿಕಾಗೋದ ಆಸ್ಟಿನ್ ಬಡಾವಣೆಯ ಗೃಹಿಣಿ ಗೇಲ್ ಸಿನ್‌ಕಾಟಾ ಮಕ್ಕಳ ಶಾಲೆಯ ಪೋಷಕರ ಸಭೆಯಿಂದ ಶುರು ಮಾಡಿ ಬ್ಯಾಂಕುಗಳ ಮೆಟ್ಟಿಲವರೆಗೆ ಹೋದವರು. ಅವರಂಥವರ ಒತ್ತಡದಿಂದ 1975ರಲ್ಲಿ, ಯಾವ ಪ್ರದೇಶದಲ್ಲಿ ಎಷ್ಟು ಮನೆ ಸಾಲ ಕೊಟ್ಟಿದ್ದೀರಿ ಅಂತ ಬ್ಯಾಂಕು ಬಹಿರಂಗ ಮಾಡಲೇಬೇಕು ಅನ್ನುವ ಕಾನೂನು ಬಂತು. 1977ರಲ್ಲಿ, ಠೇವಣಿ ತಗೊಳ್ಳುವ ಜಾಗದವರ ಸಾಲದ ಅಗತ್ಯವನ್ನೂ ಪೂರೈಸಬೇಕು ಅನ್ನುವ ಇನ್ನೊಂದು ಕಾನೂನು. ಮೊದಲನೆಯದು ನೋಡಲು ಸಣ್ಣದು, ಬರೀ ಲೆಕ್ಕ ಪ್ರಕಟಿಸುವುದು. ಆದರೆ ಸಾಲ ಯಾಕೆ ಕೊಡಲಿಲ್ಲ ಅಂತ ಕೇಳಲು ಮೊದಲು ಕೊಟ್ಟಿಲ್ಲ ಅನ್ನುವುದು ಕಾಗದದ ಮೇಲೆ ಕಾಣಬೇಕಲ್ಲ.

ಆ ಲೆಕ್ಕದಿಂದಲೇ ಮುಂದೆ ಇನ್ನೊಂದು ಆಟವೂ ಬಯಲಾಯಿತು. 2000ದ ನಂತರ ಅದೇ ಕೆಂಪು ಮೊಹಲ್ಲಾಗಳಿಗೆ ಸಾಲ ಧಾರಾಳವಾಗಿ ಹರಿಯಿತು, ಆದರೆ ಹೆಚ್ಚು ಬಡ್ಡಿಯ, ಕುತ್ತಿಗೆಗೆ ಬರುವ ಸಾಲ. 2008ರಲ್ಲಿ ಬಾಲ್ಟಿಮೋರ್ ನಗರ ವೆಲ್ಸ್ ಫಾರ್ಗೋ ಬ್ಯಾಂಕಿನ ಮೇಲೆ ಕೇಸು ಹಾಕಿತು: ಕರಿಯರ ಬಡಾವಣೆಗಳಿಗೆ ಗುರಿಯಿಟ್ಟು ದುಬಾರಿ ಸಾಲ ಮಾರಿದ್ದೀರಿ, ಜನ ಮನೆ ಕಳೆದುಕೊಂಡರು, ಖಾಲಿ ಮನೆಗಳ ಖರ್ಚು ನಮ್ಮ ಮೇಲೆ ಬಿತ್ತು ಅಂತ. ಬ್ಯಾಂಕು ಆರೋಪ ಒಪ್ಪಲಿಲ್ಲ, ಆದರೆ 2012ರಲ್ಲಿ ಕೇಂದ್ರ ಸರ್ಕಾರದ ಜೊತೆ ದೇಶದ ಮಟ್ಟದಲ್ಲಿ 17.5 ಕೋಟಿ ಡಾಲರಿನ ರಾಜಿ ಮಾಡಿಕೊಂಡಿತು. ಬಾಲ್ಟಿಮೋರಿನ ಪಾಲಿಗೆ 75 ಲಕ್ಷ. ಅದರಲ್ಲಿ ಒಂದು ಭಾಗ, ಹೊಸದಾಗಿ ಮನೆ ಕೊಳ್ಳುವವರಿಗೆ ಸಹಾಯಧನ.

ನಮ್ಮಲ್ಲಿ? ಸಾಚಾರ್ ವರದಿ ಬಂದು ಎರಡು ದಶಕವಾಗುತ್ತಾ ಬಂತು. ನೀವು ಪದವಿ ವಿದ್ಯಾರ್ಥಿಯಾಗಿದ್ದರೆ ಪ್ರಾಜೆಕ್ಟಿಗೆ ವಿಷಯ ಹುಡುಕುವ ಮುನ್ನ ನಿಮ್ಮ ಮೊಹಲ್ಲಾದ ಪಿನ್‌ಕೋಡ್ ಬರೆದುಕೊಳ್ಳಿ. ಅಲ್ಲಿನ ಹತ್ತು ಮನೆಗಳಲ್ಲಿ ಕೇಳಿ: ಮನೆ ಕೊಂಡದ್ದು ಸಾಲದಿಂದಲೋ, ಊರಿನ ಜಮೀನು ಮಾರಿಯೋ, ಗಲ್ಫಿನಲ್ಲಿ ದುಡಿದ ನಗದಿನಿಂದಲೋ? ಅರ್ಜಿ ಹಾಕಿ ವಾಪಸ್ ಬಂದವರೆಷ್ಟು, ಕಾರಣ ಬರೆದು ಕೊಟ್ಟರೋ ಬಾಯಲ್ಲಿ ಹೇಳಿದರೋ? ಕೆಲವರು ಬಡ್ಡಿ ಬೇಡ ಅಂತ ತಾವೇ ಸಾಲದ ಕಡೆ ಹೋಗಿರುವುದಿಲ್ಲ, ಅವರನ್ನು ಬೇರೆಯಾಗಿ ಲೆಕ್ಕ ಹಾಕಿ. ಕಾಗದ ಸರಿಯಿಲ್ಲದ ಕಟ್ಟಡಗಳನ್ನೂ ಬೇರೆ ಮಾಡಿ, ಯಾಕೆಂದರೆ ಅಲ್ಲಿ ಬ್ಯಾಂಕಿನವರ ಅಂಜಿಕೆಗೆ ಕಾರಣವಿದೆ. ಉಳಿದದ್ದು ಎಷ್ಟು ಅಂತ ನೋಡಿ.

ಬಾಲ್ಟಿಮೋರಿನಲ್ಲಿ ಡಾಲರ್ ಮನೆ ಮತ್ತೆ ಬಂದಿದೆ. 2024ರ ಮಾರ್ಚ್‌ನಲ್ಲಿ ನಗರ ತನ್ನ ವಶದಲ್ಲಿರುವ ಇನ್ನೂರಕ್ಕೂ ಹೆಚ್ಚು ಖಾಲಿ ಮನೆಗಳನ್ನು, ತಾವೇ ವಾಸ ಮಾಡುವವರಿಗೆ ಒಂದು ಡಾಲರಿಗೆ ಕೊಡಲು ಒಪ್ಪಿಗೆ ಕೊಟ್ಟಿತು. ಆಗ ಊರಿನಲ್ಲಿ ಖಾಲಿ ಮನೆಗಳು ಒಟ್ಟು ಹದಿಮೂರು ಸಾವಿರದಷ್ಟಿದ್ದವು. ಆ ವರ್ಷ ಕೊಲೆಗಳ ಸಂಖ್ಯೆ 201ಕ್ಕೆ ಇಳಿದಿತ್ತು, ಹಾಗಾಗಿ ಕೊಳ್ಳುವವರ ಹೆದರಿಕೆ ಸ್ವಲ್ಪ ಕಡಿಮೆಯಾಗಿರಬಹುದು. ಆದರೆ ಅರ್ಜಿಯ ಜೊತೆ ರಿಪೇರಿಗೆ 90,000 ಡಾಲರ್ ಹೊಂದಿಸಬಲ್ಲೆ ಅಂತ ತೋರಿಸಬೇಕು. ನಗರ ಆಡಳಿತದಲ್ಲಿ ಚರ್ಚೆ ಎದ್ದದ್ದೂ ಅಲ್ಲೇ: ಇಷ್ಟು ದಿನ ಆ ಹಾಳು ಬೀದಿಯಲ್ಲೇ ಬಾಡಿಗೆ ಕಟ್ಟಿಕೊಂಡು ಇದ್ದವರಿಗೆ ಮೊದಲ ಅವಕಾಶ ಕೊಡಬೇಡವೇ ಅಂತ. 1975ರಲ್ಲಿ ಚೀಟಿ ಎತ್ತಿದ ಮೇಲೆ 3 ಶೇಕಡಾ ಸಾಲದ ಕಾಗದವನ್ನು ಸರ್ಕಾರವೇ ಮುಂದಿಡುತ್ತಿತ್ತು. ಈ ಸಲ ಆ ಕಾಗದವನ್ನು ಅರ್ಜಿದಾರನೇ ಬೇರೆ ಕಡೆಯಿಂದ ತರಬೇಕು.